ನಾಲಿಗೆಗೆ ತಾಗಿಸದ ರಾಜ್ಮಾ

ಕರೋಲ್ ಬಾಗ್‌ನ ಗಲ್ಲಿಗೆ ಇನ್ನೂ ಬೆಳಕು ಇಳಿದಿಲ್ಲ. ನಲ್ಲಿಯಲ್ಲಿ ನೀರು ಬಂದಿದೆ ಎಂದು ಮನೆಮನೆಯ ಮೋಟರುಗಳು ಗುರುಗುಡುತ್ತಿವೆ. ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಪಂಕಜಾ ಆಗಲೇ ತಲೆಸ್ನಾನ ಮುಗಿಸಿ, ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಒಲೆಯ ಮುಂದೆ ಇದ್ದಾರೆ. ಇದ್ದಾರೆ ಎಂದರೆ ನಿಂತಿದ್ದಾರೆ ಎಂದಲ್ಲ. ಒಲೆಯಿಂದ ಕಿಟಕಿಗೆ, ಕಿಟಕಿಯಿಂದ ಸಿಂಕಿಗೆ, ಸಿಂಕಿನಿಂದ ಮತ್ತೆ ಒಲೆಗೆ. ಕುಕ್ಕರ್ ಮೊದಲ ಕೂಗು ಕೂಗಿ ಸಣ್ಣ ಉರಿಯಲ್ಲಿ ಸದ್ದಿಲ್ಲದೆ ಬೇಯಿಸುತ್ತಿದೆ. ಪಂಕಜಾ ಅದರ ಮುಚ್ಚಳವನ್ನೇ ನೋಡುತ್ತಾರೆ, ನೋಡಿ ಬೇರೆ ಕಡೆ ತಿರುಗುತ್ತಾರೆ, ಮತ್ತೆ ನೋಡುತ್ತಾರೆ.

"ಚಳಿಗಾಲದಲ್ಲಿ ಇದು ಹಟ ಮಾಡುತ್ತೆ. ಉಗುರು ಬೆಚ್ಚಗಿನ ನೀರಲ್ಲೇ ನೆನೆಸಿದ್ದೆ. ಆದ್ರೂ ಒಳಗಡೆ ಏನು ನಡೀತಿದೆಯೋ ಯಾರಿಗೆ ಗೊತ್ತು," ಎನ್ನುತ್ತಾರೆ.

ಒಳಗಿರುವುದು ಚಿತ್ರಾ ರಾಜ್ಮಾ. ಕೆನೆಬಣ್ಣದ ಮೈಮೇಲೆ ಕಂದುಗೆಂಪು ಚುಕ್ಕೆ ಚೆಲ್ಲಿರುವ ದಪ್ಪ ಕಾಳು. ಬೆಂದ ಮೇಲೆ ಚುಕ್ಕೆಗಳೆಲ್ಲ ಅಳಿಸಿಹೋಗಿ ಒಂದೇ ಬಣ್ಣವಾಗುತ್ತದೆ. ಈ ಕಾಳನ್ನು ಪಂಕಜಾ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಬೇಯಿಸಿದ್ದಾರೆ. ಕಣ್ಣು ಕಟ್ಟಿ ಅಡುಗೆಮನೆಗೆ ಬಿಟ್ಟರೂ ಬೇಯಿಸುವ ಹೆಂಗಸು. ಅಂಥವರಿಗೆ ಇವತ್ತು ಕೈಕಾಲು ಒಂದು ಕಡೆ ನಿಲ್ಲುತ್ತಿಲ್ಲ.

ಕಾರಣ ಕೆಳಗಿನ ಮಹಡಿಯಲ್ಲಿದೆ. ಅಲ್ಲಿ ಮನೆಯ ಯಜಮಾನ ಕಿಶನ್ ಲಾಲ್ ಇದ್ದಾರೆ. ಬಟ್ಟೆ ಅಂಗಡಿ ನಡೆಸಿ ಈಗ ಮನೆಯಲ್ಲಿ ಕೂತ, ಎಂಬತ್ತು ದಾಟಿದ ಪಂಜಾಬಿ ಹಿರಿಯರು. ಹೋದ ವರ್ಷ ಇದೇ ಹೊತ್ತಿಗೆ ಅವರ ಹೆಂಡತಿ ತೀರಿಕೊಂಡರು. ಗಲ್ಲಿಗೆಲ್ಲ ಬೀಜಿ, ಪಂಕಜಾರಿಗೂ ಬೀಜಿಯೇ. ಇವತ್ತು ಬೀಜಿಯ ವರ್ಷದ ತಿಥಿ. ಇಲ್ಲಿನವರ ಮಾತಲ್ಲಿ ಬರ್ಸಿ. ಹೆಂಡತಿ ಹೋದ ದಿನವೇ ಕಿಶನ್ ಲಾಲ್ ತಮಗೆ ಎಲ್ಲಕ್ಕಿಂತ ಇಷ್ಟವಾದ ರಾಜ್ಮಾ ಬಿಟ್ಟರು. ಬರ್ಸಿಯವರೆಗೆ ಮುಟ್ಟುವುದಿಲ್ಲ ಎಂದರು. ಬಿಟ್ಟದ್ದು ರಾಜ್ಮಾ ಒಂದನ್ನೇ ಆಗಿದ್ದರೆ ಸರಿಯಿತ್ತು. ಅದರ ಹಿಂದೆಯೇ ಹಸಿವೂ ಹೋಯಿತು. ಈಗ ಅರ್ಧ ರೊಟ್ಟಿ, ಎರಡು ಚಮಚ ಬೇಳೆ, ಆಯಿತು ಎಂದು ತಟ್ಟೆ ಸರಿಸುತ್ತಾರೆ. ಕುರ್ತಾದೊಳಗೆ ಮನುಷ್ಯ ಇದ್ದಾರೋ ಇಲ್ಲವೋ ಎನ್ನುವಷ್ಟು ಇಳಿದಿದ್ದಾರೆ.

"ಬೀಜಿ ಆಸ್ಪತ್ರೆಯಲ್ಲಿ ನನ್ನ ಕೈ ಹಿಡ್ಕೊಂಡು ಒಂದೇ ಮಾತು ಹೇಳಿದ್ರು, ಲಾಲಾಜಿ ಊಟ ನೋಡ್ಕೋ ಅಂತ. ಸೊಸೆಗೆ ಹೇಳಲಿಲ್ಲ, ನನಗೆ ಹೇಳಿದ್ರು. ಒಂದು ವರ್ಷ ನೋಡ್ತಾನೇ ಇದೀನಿ, ಏನೂ ಮಾಡೋಕಾಗಿಲ್ಲ. ಇವತ್ತು ವ್ರತ ಮುಗಿಯುತ್ತೆ. ಇವತ್ತೂ ತಿನ್ನಲಿಲ್ಲ ಅಂದ್ರೆ ಆ ಮನುಷ್ಯ ಇನ್ನು ತಿನ್ನೋದಿಲ್ಲ," ಎಂದು ಹೇಳಿ ಪಂಕಜಾ ಮತ್ತೆ ಕಿಟಕಿಗೆ ಹೋಗುತ್ತಾರೆ.

ಪಂಕಜಾ ಹೊಸದುರ್ಗದ ಕಡೆಯವರು. ಗಂಡ ಗೋಪಿನಾಥ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ಮದುವೆಯಾದ ಹೊಸದರಲ್ಲಿ ಕೈಯಲ್ಲೊಂದು ಟ್ರಂಕು, ಬಾಯಲ್ಲಿ ಒಂದಕ್ಷರ ಹಿಂದಿಯಿಲ್ಲದೆ ಈ ಮೂರನೇ ಮಹಡಿಗೆ ಬಾಡಿಗೆಗೆ ಬಂದವರು. ಬೇಸಿಗೆಯಲ್ಲಿ ಕಾದ ಹೆಂಚು, ಚಳಿಯಲ್ಲಿ ಐಸ್ ಡಬ್ಬಿ ಎಂದು ಆ ಮನೆಯನ್ನು ಬಯ್ಯುತ್ತಲೇ ಅಲ್ಲೇ ಬದುಕು ಕಟ್ಟಿದರು. ಮಗಳು ಹರಿಣಿ ಹುಟ್ಟಿದ್ದು ಬೆಳೆದದ್ದು ಇಲ್ಲೇ. ಈಗ ಗುರುಗ್ರಾಮದ ಕಂಪನಿಯೊಂದರಲ್ಲಿ ಕೆಲಸ.

ರಾಜ್ಮಾದೊಂದಿಗೆ ಪಂಕಜಾರ ಮೊದಲ ಭೇಟಿ ಅವಮಾನದಲ್ಲಿ ಮುಗಿದಿತ್ತು. ಕಿರಾಣಿ ಅಂಗಡಿಯಲ್ಲಿ ಚುಕ್ಕೆ ಚುಕ್ಕೆಯ ಚಂದದ ಕಾಳು ನೋಡಿ, ಇದು ನಮ್ಮ ಅವರೆಕಾಳಿನ ಬಂಧುವೇ ಇರಬೇಕು ಎಂದು ತಂದರು. ಊರಿನ ಲೆಕ್ಕದಲ್ಲಿ ಹುಳಿ ಮಾಡಲು ಹೊರಟರು. ಕಾಳಿನ ಜೊತೆಗೇ ಹುಣಸೆರಸ, ಉಪ್ಪು, ಬೆಲ್ಲ, ಸಾರಿನ ಪುಡಿ ಎಲ್ಲ ಹಾಕಿ ಕುಕ್ಕರ್ ಮುಚ್ಚಿದರು. ಕುಕ್ಕರ್ ಕೂಗಿತು, ಮತ್ತೆ ಕೂಗಿತು, ಮಧ್ಯಾಹ್ನವಿಡೀ ಕೂಗಿತು. ಕಾಳು ಕಲ್ಲಿನಂತೆ ಕೂತೇ ಇತ್ತು. ಕೊನೆಗೆ ಬೀಜಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಮೆಟ್ಟಿಲು ಹತ್ತಿ ಬಂದು, ಇಲ್ಲಿ ಯಾವ ರೈಲು ಬರುವುದಿದೆ ಎಂದು ಕೇಳಿದರು. ಪಂಕಜಾರಿಗೆ ಅರ್ಥವಾಗಲಿಲ್ಲ, ಅತ್ತುಬಿಟ್ಟರು. ಬೀಜಿ ಮುಚ್ಚಳ ತೆಗೆದು ಮೂಸಿದರು. ಹುಳಿಯ ಕಡೆ ಬೆರಳು ತೋರಿಸಿ, ಕಾಳಿನ ಕಡೆ ಬೆರಳು ತೋರಿಸಿ, ಎರಡೂ ಕೈಯಿಂದ ಬೇಡ ಬೇಡ ಎಂದು ಸನ್ನೆ ಮಾಡಿದರು.

"ಹುಳಿ ಮೊದಲೇ ಬಿದ್ದರೆ ಕಾಳು ಬೇಯೋಲ್ಲ. ಆ ಒಂದು ಪಾಠಕ್ಕೆ ಭಾಷೆಯೇ ಬೇಕಾಗಲಿಲ್ಲ ನೋಡಿ. ನಾನು ಹಿಂದಿ ಕಲಿತದ್ದೇ ಆಮೇಲೆ, ಅವರ ಅಡುಗೆಮನೆಯಲ್ಲಿ. ಮೊದಲು ಶುಂಠಿಗೆ ಅದರಕ್, ಇಂಗಿಗೆ ಹಿಂಗ್ ಅಂತ ಕಲಿತೆ, ಆಮೇಲೆ ಆಪ್ ಕೈಸೇ ಹೈ ಕಲಿತೆ," ಎಂದು ಪಂಕಜಾ ನಗುತ್ತಾರೆ. ಬೆಳಗಿನಿಂದ ನಕ್ಕದ್ದು ಇದೇ ಮೊದಲು.

ಆ ಪಾಠವೇ ಮುಂದೆ ಅನ್ನ ಕೊಟ್ಟಿತು. ಹರಿಣಿ ಶಾಲೆಗೆ ಹೋಗುವ ಕಾಲದಲ್ಲಿ ಗೋಪಿನಾಥರು ಬೆನ್ನುಮೂಳೆಯ ಕಾಯಿಲೆಯಿಂದ ತಿಂಗಳುಗಟ್ಟಲೆ ಮಲಗಿದರು. ಅರ್ಧ ಸಂಬಳದಲ್ಲಿ ದಿಲ್ಲಿಯ ಬದುಕು ನಡೆಯುವುದಿಲ್ಲ ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹತ್ತಿರದಲ್ಲೇ ಪರೀಕ್ಷೆಯ ತರಬೇತಿಗೆಂದು ಊರು ಬಿಟ್ಟು ಬಂದ ಕನ್ನಡದ ಹುಡುಗರು, ಹುಡುಗಿಯರು ಪಿಜಿಗಳಲ್ಲಿ ಒಣ ರೊಟ್ಟಿ ತಿಂದು ಓದುತ್ತಿದ್ದರು. ಪಂಕಜಾ ಅವರಿಗೆ ಡಬ್ಬಿ ಕಟ್ಟತೊಡಗಿದರು. ಇವತ್ತಿಗೂ ದಿನಕ್ಕೆ ಮೂವತ್ತು, ನಲವತ್ತು ಡಬ್ಬಿ ಈ ಮೆಟ್ಟಿಲು ಇಳಿಯುತ್ತವೆ. ವಾರವೆಲ್ಲ ಅನ್ನ, ಸಾರು, ಪಲ್ಯ. ಭಾನುವಾರ ಮಾತ್ರ ರಾಜ್ಮಾ, ಅನ್ನ. ಕನ್ನಡದ ಡಬ್ಬಿಯಲ್ಲಿ ಪಂಜಾಬಿ ಕಾಳು ಏಕೆ ಎಂದು ಕೇಳಿದವರೂ ಇದ್ದರು. ತಿಂದ ಮೇಲೆ ಕೇಳುವುದನ್ನು ಬಿಟ್ಟರು.

ಎರಡು ವರ್ಷದಿಂದ ಡಬ್ಬಿ ತರಿಸುವ ಶಿವಮೊಗ್ಗದ ಲಾವಣ್ಯಾ ಹೇಳುವುದಿಷ್ಟು: "ಓದೋರಿಗೆ ವಾರ, ತಾರೀಖು ಏನೂ ನೆನಪಿರಲ್ಲ. ಆಂಟಿ ರಾಜ್ಮಾ ಬಂದ್ರೆ ಓಹೋ ಸಂಡೇ ಅಂತ ಗೊತ್ತಾಗುತ್ತೆ. ಒಂದ್ಸಲ ಪ್ರಿಲಿಮ್ಸ್ ಫೇಲಾಗಿ ಬೆಳಿಗ್ಗೆಯಿಂದ ಬಾಗಿಲು ಹಾಕ್ಕೊಂಡು ಮಲಗಿದ್ದೆ. ಡಬ್ಬಿ ತೆಗೆದೆ, ಪೂರ್ತಿ ಖಾಲಿ ಮಾಡಿದೆ, ಆಮೇಲೆ ಮತ್ತೆ ಅತ್ತೆ. ಆದ್ರೆ ಹೊಟ್ಟೆ ತುಂಬಿಸ್ಕೊಂಡು ಅಳೋದು ಬೇರೆನೇ."

ಈ ರಾಜ್ಮಾದ ಗುಟ್ಟೇನು ಎಂದರೆ ಪಂಕಜಾ ಗುಟ್ಟೇನೂ ಇಲ್ಲ ಎನ್ನುತ್ತಾರೆ, ಹೇಳುತ್ತ ಹೇಳುತ್ತ ಒಂದೊಂದೇ ಗುಟ್ಟು ಬಿಡುತ್ತಾರೆ. ಹಿಂದಿನ ರಾತ್ರಿ ಆರಿಸಿ ನೆನೆಸುವುದು. ಬೋರ್‌ವೆಲ್ ನೀರಿನಲ್ಲಿ ಬೇಯಿಸದಿರುವುದು, ಅದರ ಗಡಸಿಗೆ ಕಾಳೂ ಗಡಸಾಗುತ್ತದೆ. ನೆನೆದ ನೀರು ಚೆಲ್ಲಿ ಹೊಸ ನೀರು ಹಾಕಿ, ಜಜ್ಜಿದ ಶುಂಠಿ, ಪಲಾವ್ ಎಲೆ, ಒಂದು ದೊಡ್ಡ ಏಲಕ್ಕಿಯ ಜೊತೆ ಸಣ್ಣ ಉರಿಯಲ್ಲಿ ಬಿಡುವುದು. ಆಮೇಲೆ ಮಸಾಲೆ. ಎಲ್ಲರೂ ಅವಸರ ಮಾಡಿ ಕೆಡಿಸುವುದು ಅಲ್ಲೇ. ತುರಿದ ಟೊಮೆಟೊ ತುಪ್ಪ ಬಿಟ್ಟುಕೊಡುವವರೆಗೆ ಕೈಯಾಡಿಸುತ್ತಲೇ ಇರಬೇಕು, ತೋಳು ನೋಯಬೇಕು. ಮೆಣಸಿನಪುಡಿ ಮಾತ್ರ ಊರಿಂದ ಬಂದ ಬ್ಯಾಡಗಿಯದು. ಬೀಜಿ ಮೊದಲು ಮೂಗು ಮುರಿದಿದ್ದರು, ಮರುವಾರ ತಮಗೂ ಒಂದು ಡಬ್ಬಿ ತರಿಸಿಕೊಂಡರು. ಕಾಳು ಮಸಾಲೆಗೆ ಬಿದ್ದ ಮೇಲೆ ಒಂದು ಸೌಟಿನಷ್ಟನ್ನು ಪಾತ್ರೆಯ ಬದಿಗೆ ಒತ್ತಿ ಮಸೆದು ಬಿಡುವುದು, ರಸ ಮಂದವಾಗಲಿಕ್ಕೆ. ಉಪ್ಪು ಎಲ್ಲಕ್ಕಿಂತ ಕೊನೆಗೆ, ಇಳಿಸುವ ಮೊದಲು.

ಉಪ್ಪು ಹಾಕಿದ ಮೇಲೆ ಪಂಕಜಾ ಸೌಟಿನ ತುದಿಯಿಂದ ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನೆಕ್ಕುತ್ತಾರೆ. ಒಂದು ಚಿಟಿಕೆ ಬೇಕೆಂದರೆ ಬೇಕು, ಸಾಕೆಂದರೆ ಸಾಕು. ಅವರ ಅಡುಗೆಗೆ ಅಳತೆಯ ಚಮಚವಿಲ್ಲ, ಅಳತೆಯೆಲ್ಲ ನಾಲಿಗೆಯದ್ದೇ.

ಇವತ್ತು ಆ ನಾಲಿಗೆಗೆ ರಜೆ. ದೇವರಿಗೆ, ಹಿರಿಯರಿಗೆ ಎಂದು ಮಾಡಿದ ಅಡುಗೆಯನ್ನು ಎಡೆಗೆ ಬಡಿಸುವ ಮೊದಲು ಯಾರೂ ರುಚಿ ನೋಡುವಂತಿಲ್ಲ. ಪಂಕಜಾರ ಅತ್ತೆ ರತ್ನಮ್ಮ ಇದ್ದಷ್ಟು ದಿನ ಮೂಸಿ ನೋಡಲೂ ಬಿಡುತ್ತಿರಲಿಲ್ಲ. ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಪಂಡಿತರ ತಟ್ಟೆಗೆ ಅದು ಆಗದು. ಅಂದರೆ ದಿನದ ಮಸಾಲೆಯೂ ಅಲ್ಲ, ದಿನದ ನಾಲಿಗೆಯೂ ಅಲ್ಲ. ಕೆಳಗಿನ ಮನೆಯ ಸೊಸೆ ರೀತೂ ನಿನ್ನೆಯೇ, ನಮ್ಮಲ್ಲಿ ಅಷ್ಟೆಲ್ಲ ಯಾರು ನೋಡುತ್ತಾರೆ ಆಂಟಿ, ಆರಾಮವಾಗಿ ರುಚಿ ನೋಡಿ ಮಾಡಿ ಎಂದಿದ್ದಳು. ಪಂಕಜಾ ಆಗಲಿ ಎಂದು ತಲೆಯಾಡಿಸಿದ್ದರು. ತಲೆಯಾಡಿಸುವುದು ಸುಲಭ. ಬೀಜಿಗೆಂದು ಮಾಡಿದ್ದನ್ನು ಬೀಜಿಗಿಂತ ಮೊದಲು ತಾನು ತಿನ್ನುವುದಕ್ಕೆ ಮನಸ್ಸು ಒಪ್ಪಬೇಕಲ್ಲ.

ಕುಕ್ಕರ್ ಆರಿ ಮುಚ್ಚಳ ತೆಗೆದಾಗ ಕಾಳು ಚೆನ್ನಾಗಿ ಬೆಂದಿದೆ. ಎರಡು ಬೆರಳ ನಡುವೆ ಒತ್ತಿದರೆ ಬೆಣ್ಣೆ. ಅದಕ್ಕೇನೂ ಶಾಸ್ತ್ರದ ಅಡ್ಡಿಯಿಲ್ಲ. ಪಂಕಜಾರ ಹೆಗಲು ಸ್ವಲ್ಪ ಇಳಿಯುತ್ತದೆ. ತುಪ್ಪಕ್ಕೆ ಜೀರಿಗೆ, ಇಂಗು, ಶುಂಠಿ, ಟೊಮೆಟೊ, ಕಡೆದ ಮೊಸರು; ತೋಳು ನೋಯುವವರೆಗೆ ಕೈಯಾಡಿಸಿ ಕಾಳನ್ನು ಸುರಿಯುತ್ತಾರೆ. ಕುದಿ ಬರುತ್ತದೆ. ಉಪ್ಪಿನ ಭರಣಿಯ ಮುಚ್ಚಳ ತೆಗೆಯುತ್ತಾರೆ. ಸರಿಯಾಗಿ ಆಗಲೇ ಫೋನು ಬಡಿದುಕೊಳ್ಳುತ್ತದೆ. ಗುರುಗ್ರಾಮದಿಂದ ಹರಿಣಿ.

"ಅಮ್ಮ, ಮೆಟ್ರೋ ಹತ್ತಿದೀನಿ. ಹವನ್ ಎಷ್ಟು ಬಜೆ? ವೈಟ್ ಸೂಟ್ ಹಾಕ್ಕೊಂಡ್ರೆ ಚಲೇಗಾ ಅಲ್ವಾ? ಔರ್ ಸುನೋ, ದಾದಾಜಿ ಎದ್ರಾ?"

ಪಂಕಜಾ ಬಿಳಿ ಆಗುತ್ತದೆ ಎಂದರು, ಹತ್ತು ಗಂಟೆಗೆ ಎಂದರು, ಅವರು ಎದ್ದು ಸುಮ್ಮನೆ ಕೂತಿದ್ದಾರೆ ಎಂದರು, ದಾರಿಯಲ್ಲಿ ಬಿಳಿ ಹೂವು ಸಿಕ್ಕರೆ ತಾ ಎಂದರು. ಫೋನಿಟ್ಟು ತಿರುಗಿದರೆ ಭರಣಿಯ ಮುಚ್ಚಳ ಮುಚ್ಚಿದೆ. ಪಕ್ಕದಲ್ಲಿ ಸೌಟಿದೆ. ರಾಜ್ಮಾ ಕುದಿಯುತ್ತಿದೆ. ಉಪ್ಪು ಹಾಕಿದೆನೇ, ಇಲ್ಲವೇ?

ಬೇರೆ ದಿನವಾಗಿದ್ದರೆ ಅಂಗೈಗೆ ಒಂದು ಹನಿ ಬಿದ್ದರೆ ಮುಗಿಯುತ್ತಿತ್ತು. ಇವತ್ತು ಅದೇ ಒಂದು ಹನಿ ಹಿಮಾಲಯ ದಾಟುವ ಕೆಲಸವಾಗಿದೆ. ಕೈ ನೋಡಿಕೊಳ್ಳುತ್ತಾರೆ, ಸೆರಗಿಗೆ ಒರೆಸಿಕೊಂಡದ್ದರಿಂದ ಕೈ ಏನೂ ಹೇಳುವುದಿಲ್ಲ. ಭರಣಿ ತೆಗೆದು ನೋಡುತ್ತಾರೆ, ನಿನ್ನೆ ಎಷ್ಟಿತ್ತು ಎಂದು ಯಾರು ನೋಡಿಟ್ಟಿರುತ್ತಾರೆ. ಪಕ್ಕದ ಕೋಣೆಯಲ್ಲಿ ಕೊತ್ತಂಬರಿ ಸೋಸುತ್ತಿದ್ದ ಗಂಡನನ್ನು ಕರೆಯುತ್ತಾರೆ.

"ರೀ, ನಾನು ಉಪ್ಪು ಹಾಕಿದ್ದು ನೋಡಿದ್ರಾ?"

"ಹಾಕಿದೆ ಅನ್ಸುತ್ತೆ."

"ಅನ್ಸುತ್ತೆ ಅಂತ ನಿಮ್ಮ ಆಫೀಸಲ್ಲಿ ಫೈಲ್ ಮೇಲೆ ಬರೀತಿದ್ರಾ?"

"ಬರೀತಿದ್ವಿ. ಅದನ್ನೇ ಇಂಗ್ಲಿಷಲ್ಲಿ ಬರೀತಿದ್ವಿ," ಎಂದು ಗೋಪಿನಾಥರು ಕೊತ್ತಂಬರಿಯಿಂದ ತಲೆಯೆತ್ತದೆ ಹೇಳುತ್ತಾರೆ. "ಒಂದು ಚಿಟಿಕೆ ಹಾಕಿಬಿಡೇ, ಏನಾಗಲ್ಲ."

ಏನಾಗುವುದಿಲ್ಲವೇ? ಮೊದಲೇ ಬಿದ್ದಿದ್ದರೆ ಉಪ್ಪುಪ್ಪಾಗಿ ಬಾಯಿಗಿಡಲಾಗದು. ಬಿದ್ದಿಲ್ಲದಿದ್ದರೆ ಚಿಟಿಕೆ ಯಾವ ಮೂಲೆಗೆ? ಉಪ್ಪಿಗಿಂತ ರುಚಿಯಿಲ್ಲ ಎಂದು ಗಾದೆ ಕಟ್ಟಿದವರಿಗೆ ಇಂಥ ಬೆಳಗು ಬಂದಿತ್ತೋ ಏನೋ. ಪಂಕಜಾ ಭರಣಿಯನ್ನು ಕೈಗೆತ್ತಿಕೊಳ್ಳುತ್ತಾರೆ, ಇಡುತ್ತಾರೆ. ಒಲೆ ಆರಿಸುತ್ತಾರೆ, ಮತ್ತೆ ಹಚ್ಚುತ್ತಾರೆ. ಬಾಲ್ಕನಿಗೆ ಹೋಗಿ ಕೆಳಗೆ ಬಗ್ಗಿ ನೋಡುತ್ತಾರೆ. ಅಂಗಳದಲ್ಲಿ ಹವನಕ್ಕೆ ಇಟ್ಟಿಗೆ ಜೋಡಿಸುತ್ತಿದ್ದಾರೆ. ಕಿಶನ್ ಲಾಲ್ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಶಾಲು ಹೊದ್ದು, ಯಾರದೋ ಮನೆಯ ಕಾರ್ಯಕ್ಕೆ ಬಂದವರ ಹಾಗೆ ಕೂತಿದ್ದಾರೆ.

ಕೊನೆಗೆ ಪಂಕಜಾ ಭರಣಿಯನ್ನು ಕಪಾಟಿನೊಳಗಿಟ್ಟು ಬಾಗಿಲು ಹಾಕುತ್ತಾರೆ. "ಕಮ್ಮಿಯಾದ್ರೆ ತಟ್ಟೆಗೆ ಹಾಕ್ಕೋಬಹುದು. ಜಾಸ್ತಿಯಾದ್ರೆ ತೆಗೆಯೋಕಾಗುತ್ತಾ," ಎನ್ನುತ್ತಾರೆ. ತೀರ್ಮಾನವಾಯಿತು. ಆದರೆ ಕಾಲು ತೀರ್ಮಾನಕ್ಕೆ ಒಪ್ಪುವುದಿಲ್ಲ, ಒಲೆಯಿಂದ ಕಿಟಕಿಗೆ ಓಡಾಟ ಮುಂದುವರಿಯುತ್ತದೆ.

ಬರ್ಸಿಯ ಪಾತ್ರೆಯನ್ನು ಬೇರೆ ಇಟ್ಟು, ಡಬ್ಬಿಯವರ ರಾಜ್ಮಾಕ್ಕೆ ಈರುಳ್ಳಿ ಹೆಚ್ಚಲು ಕೂರುತ್ತಾರೆ. ಅವರಿಗೂ ಭಾನುವಾರವೇ ಅಲ್ಲವೇ. ಅದರ ಉಪ್ಪು ಅಂಗೈಯಲ್ಲಿ ಸರಿ ನೋಡಿ, ಡಬ್ಬಿ ಕಟ್ಟಿ, ಒಯ್ಯುವ ಭಯ್ಯಾನ ಸೈಕಲ್ಲಿಗೆ ಏರಿಸಿ ಬರುವಷ್ಟರಲ್ಲಿ ಕೆಳಗಿನಿಂದ ಸ್ವಾಹಾ ಕೇಳಿಸತೊಡಗಿದೆ.

ಹವನ ಮುಗಿದು ಎಡೆಯಿಟ್ಟ ಮೇಲೆ ಮೊದಲ ಊಟ ಪಂಡಿತರದ್ದು. ಪೂರಿ, ಖೀರು, ಕುಂಬಳಕಾಯಿ ಪಲ್ಯ, ಅನ್ನ, ನಡುವೆ ಬಟ್ಟಲು ತುಂಬ ರಾಜ್ಮಾ. ಪಂಕಜಾ ಬಾಗಿಲ ಚೌಕಟ್ಟಿಗೆ ಆನಿಕೊಂಡು ಅವರ ಮುಖವನ್ನೇ ನೋಡುತ್ತಾರೆ. ಪಂಡಿತರು ಅನುಭವಸ್ಥರು, ಊರೆಲ್ಲ ಉಂಡವರು, ಮುಖದಲ್ಲಿ ಏನನ್ನೂ ತೋರಿಸುವುದಿಲ್ಲ. ಆದರೆ ಉಪ್ಪಿನಕಾಯಿ ಇದೆಯೇ ಎಂದು ಕೇಳುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಹೋಳು ಕೇಳುತ್ತಾರೆ. ಎರಡನೇ ಸಲ ಉಪ್ಪಿನಕಾಯಿ ಕೇಳಿದ ಮೇಲೆ ಇನ್ನೇನು ಸಾಕ್ಷಿ ಬೇಕು.

"ಆಗ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸ್ತು. ಉಪ್ಪು ಬಿದ್ದಿಲ್ಲ. ವರ್ಷ ಪೂರ್ತಿ ಕಾದು, ಬೀಜಿ ಹೆಸರಲ್ಲಿ ಸಪ್ಪೆ ಅಡುಗೆ ಮಾಡಿ ಇಟ್ಟೆ," ಎಂದು ಅವರು ಆಮೇಲೆ ಹೇಳುತ್ತಾರೆ. ಹೇಳುವಾಗಲೂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿರುತ್ತಾರೆ.

ಕಿಶನ್ ಲಾಲ್‌ರನ್ನು ಕರೆತಂದು ಕೂರಿಸುತ್ತಾರೆ. ರೀತೂ ತಟ್ಟೆಗೆ ಒಂದು ಸೌಟು ಅನ್ನ, ಅದರ ಮೇಲೆ ಒಂದು ಸೌಟು ರಾಜ್ಮಾ ಹಾಕುತ್ತಾಳೆ. ಬಂದ ನೆಂಟರು ತಟ್ಟೆಯ ಕಡೆ ತಿರುಗುತ್ತಾರೆ. ಹರಿಣಿ ತಾಯಿಯ ಮೊಣಕೈ ಹಿಡಿದು ನಿಂತಿದ್ದಾಳೆ. ಹೋಗಿ ಉಪ್ಪಿನ ವಿಷಯ ಹೇಳಿಬಿಡಲೇ ಎಂದು ಪಂಕಜಾ ಒಂದು ಹೆಜ್ಜೆ ಮುಂದಿಡುತ್ತಾರೆ. ಅಷ್ಟರಲ್ಲಿ ಮುದುಕರು ಮೊದಲ ತುತ್ತು ಬಾಯಿಗಿಟ್ಟಾಗಿದೆ.

ಅಗಿಯುತ್ತಾರೆ. ನಿಲ್ಲಿಸುತ್ತಾರೆ. ತಟ್ಟೆಯನ್ನು ನೋಡುತ್ತಾರೆ.

"ನಮಕ್ ನಹೀ ಹೈ," ಎನ್ನುತ್ತಾರೆ.

ರೀತೂ ಉಪ್ಪು ತರಲು ಅಡುಗೆಮನೆಗೆ ಓಡುತ್ತಾಳೆ. ಪಂಕಜಾ ಮುಂದೆ ಬಂದು, ತಪ್ಪಾಯಿತು ಲಾಲಾಜಿ, ಎಡೆಯ ಅಡುಗೆ, ರುಚಿ ನೋಡಲಿಲ್ಲ, ಮರೆತುಹೋಯಿತು ಎಂದು ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ಹೇಳುತ್ತಾರೆ. ಇಷ್ಟು ವರ್ಷದ ಹಿಂದಿ ಆ ಹೊತ್ತಿಗೆ ಕೈಕೊಟ್ಟಿದೆ. ಮುದುಕರು ಕೇಳಿಸಿಕೊಂಡರೋ ಇಲ್ಲವೋ. ಸೊಸೆ ತಂದ ಉಪ್ಪನ್ನು ಬೆರಳಲ್ಲಿ ತೆಗೆದು ತಟ್ಟೆಯ ಮೇಲೆ ಉದುರಿಸಿಕೊಳ್ಳುತ್ತಾರೆ. ಅನ್ನಕ್ಕೂ ಕಾಳಿಗೂ ಚೆನ್ನಾಗಿ ಕಲಸುತ್ತಾರೆ. ಇನ್ನೊಂದು ತುತ್ತು. ಅಗಿದು ನುಂಗುತ್ತಾರೆ.

"ಗಲಾ ಠೀಕ್ ಹೈ," ಎನ್ನುತ್ತಾರೆ. ಬೆಂದಿರುವುದು ಸರಿಯಾಗಿದೆ ಎಂದರ್ಥ.

ಮೂರನೇ ತುತ್ತಿಗೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ನಾಲ್ಕನೆಯದಕ್ಕೆ ಬೆರಳಿಂದ ತಟ್ಟೆಯ ಅಂಚಿನ ರಸವನ್ನೂ ಎಳೆದುಕೊಳ್ಳುತ್ತಾರೆ. ತಟ್ಟೆ ಖಾಲಿಯಾಗುತ್ತದೆ. ರೀತೂ ಅಭ್ಯಾಸಬಲದಿಂದ ತಟ್ಟೆ ತೆಗೆಯಲು ಕೈ ಚಾಚಿದರೆ, ಅವರು ಬಿಡದೆ ಹಿಡಿದು ಮುಂದಕ್ಕೆ ನೀಡುತ್ತಾರೆ. ಇನ್ನೊಂದು ಸೌಟು ಬೀಳುತ್ತದೆ. ಅದಕ್ಕೂ ತಾವೇ ಉಪ್ಪು ಉದುರಿಸಿಕೊಳ್ಳುತ್ತಾರೆ. ಹರಿಣಿ ಗೋಡೆಯ ಕಡೆ ತಿರುಗಿ ದುಪಟ್ಟಾದಿಂದ ಮುಖ ಒರೆಸಿಕೊಳ್ಳುತ್ತಾಳೆ. ಪಂಕಜಾ ಅಳುವುದಿಲ್ಲ. ಅವರ ಕಣ್ಣು ತಟ್ಟೆಯ ಮೇಲಿದೆ. ಎಷ್ಟು ಉಳಿದಿದೆ, ಎಷ್ಟು ಹೋಯಿತು ಎಂದು ನೋಡುವುದರಲ್ಲೇ ಅವರಿಗೆ ಪುರುಸೊತ್ತಿಲ್ಲ.

ಕೈ ತೊಳೆದು ಶಾಲಿನ ತುದಿಯಲ್ಲಿ ಒರೆಸಿಕೊಳ್ಳುತ್ತ ಕಿಶನ್ ಲಾಲ್ ಬಾಗಿಲ ಬಳಿ ಒಂದು ಕ್ಷಣ ನಿಲ್ಲುತ್ತಾರೆ.

"ಪಂಕಜಾ ಬೇಟಾ," ಎನ್ನುತ್ತಾರೆ, "ಕಲ್ ನಮಕ್ ಡಾಲ್ ಕೇ ಬನಾನಾ."

ನಾಳೆ ಉಪ್ಪು ಹಾಕಿ ಮಾಡು ಎಂದು ಹೇಳಿ ತಮ್ಮ ಕೋಣೆಗೆ ಹೋಗುತ್ತಾರೆ.

ಪಂಕಜಾ ಮೆಟ್ಟಿಲು ಹತ್ತಿ ಮೇಲೆ ಬಂದವರು ಕೂರುವುದಿಲ್ಲ. ಬೆಳಗಿನಿಂದ ಒಂದು ಲೋಟ ಕಾಫಿಯ ಮೇಲಿದ್ದಾರೆ. ಬಂದು ಊಟ ಮಾಡೇ ಎಂದು ಗೋಪಿನಾಥರು ಕರೆದರೂ ಕಿವಿಗೆ ಹೋಗುವುದಿಲ್ಲ. ಕಪಾಟಿನಿಂದ ರಾಜ್ಮಾದ ಡಬ್ಬ ಇಳಿಸಿ ಮೊರದಲ್ಲಿ ಹರವುತ್ತಾರೆ. ಮುಕ್ಕಾದದ್ದು, ಸುಕ್ಕಾದದ್ದು ಆರಿಸಿ ಬದಿಗೆ ಹಾಕುತ್ತಾರೆ. ನೆನೆಸಲು ಸಂಜೆಯವರೆಗೂ ಸಮಯವಿದೆಯಲ್ಲ ಎಂದರೆ, ಇರಲಿ ಬಿಡಿ ಎನ್ನುತ್ತಾರೆ. ಸೋಮವಾರದ ರಾಜ್ಮಾ ಈ ಮನೆಯಲ್ಲಿ ಇದೇ ಮೊದಲು.

"ಇಷ್ಟು ವರ್ಷದಲ್ಲಿ ನನ್ನ ಅಡುಗೆಗೆ ಉಪ್ಪಿಲ್ಲ ಅಂತ ಯಾರೂ ಅಂದಿರಲಿಲ್ಲ," ಎಂದು ಕಾಳಿನ ಮೇಲೆ ಕೈಯಾಡಿಸುತ್ತ ಹೇಳುತ್ತಾರೆ. "ಇವತ್ತು ಅಂದ್ರು. ಅಷ್ಟು ಜನರ ಎದುರಿಗೇ ಅಂದ್ರು. ಅನ್ಲಿ ಬಿಡಿ. ನಾಳೆಗೂ ಬೇಕು ಅಂದ್ರಲ್ಲ."